ಪ್ಯಾಸ್ಟನ್ ಪತ್ರಗಳು: ಪ್ರೀತಿಯ ಓಲೆಯೋ, ಜಮೀನಿನ ದಸ್ತಾವೇಜೋ?

ಇಂಗ್ಲಿಷ್ ಸಾಹಿತ್ಯ ಚರಿತ್ರೆಯಲ್ಲಿ ಪ್ಯಾಸ್ಟನ್ ಪತ್ರಗಳಿಗೆ ಒಂದು ಸಿದ್ಧ ಪರಿಚಯವಿದೆ. 1477ರ ಫೆಬ್ರವರಿಯಲ್ಲಿ ಮಾರ್ಜರಿ ಬ್ರೂಸ್ ಎಂಬ ಹುಡುಗಿ ತಾನು ಮದುವೆಯಾಗಬೇಕೆಂದಿದ್ದ ಜಾನ್ ಪ್ಯಾಸ್ಟನ್‌ನನ್ನು ‘ವ್ಯಾಲೆಂಟೈನ್’ ಎಂದು ಕರೆದು ಎರಡು ಪತ್ರಗಳನ್ನು ಬರೆಸಿದಳು. ಆ ಭಾಷೆಯಲ್ಲಿ ಉಳಿದಿರುವ ಅತ್ಯಂತ ಹಳೆಯ ವ್ಯಾಲೆಂಟೈನ್ ಪತ್ರಗಳು ಇವೇ ಎಂದು ಹೇಳಿ, ನಾಲ್ಕು ಸಾಲು ಉದ್ಧರಿಸಿ ಮುಗಿಸುವುದು ವಾಡಿಕೆ. ಆದರೆ ಆ ಪತ್ರಗಳನ್ನು ಪೂರ್ತಿ ಓದಿದವರಿಗೆ ಬೇರೆಯದೇ ಸಂಗತಿ ಕಾಣುತ್ತದೆ. ಒಂದರಲ್ಲಿ ಆಕೆ, ತಾಯಿ ಎಷ್ಟು ಕೇಳಿಕೊಂಡರೂ ತಂದೆಯಿಂದ ಹೆಚ್ಚಿನದು ಹೊರಡುತ್ತಿಲ್ಲ, ನಿನ್ನ ಜಮೀನು ಈಗಿರುವುದರ ಅರ್ಧವೇ ಇದ್ದಿದ್ದರೂ ನಾನು ನಿನ್ನನ್ನು ಬಿಡುತ್ತಿರಲಿಲ್ಲ ಎನ್ನುತ್ತಾಳೆ. ಇನ್ನೊಂದರಲ್ಲಿ ಮೊತ್ತವೇ ಬರುತ್ತದೆ: ತಂದೆ 100 ಪೌಂಡ್ ಮತ್ತು 50 ಮಾರ್ಕಿನ ಮೇಲೆ ಬಿಡಿಗಾಸು ಕೊಡುವುದಿಲ್ಲ. ಮಾರ್ಕ್ ಎಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು. ಇಷ್ಟಕ್ಕೆ ಒಪ್ಪುವುದಾದರೆ ಬಾ, ಇಲ್ಲವಾದರೆ ಮತ್ತೆ ಈ ಮಾತು ಬೇಡ ಎಂಬುದು ಅದರ ಸಾರ. ಹುಡುಗಿಯ ಪ್ರೀತಿ ಸುಳ್ಳಲ್ಲ. ಆದರೆ ಜಮೀನಿನ ಲೆಕ್ಕವನ್ನು ದಾಟದೆ ಆ ಪ್ರೀತಿ ಬಾಯಿ ತೆರೆಯುವಂತಿಲ್ಲ.

ಹದಿನೈದನೆಯ ಶತಮಾನದ ಇಂಗ್ಲೆಂಡಿನ ನಾರ್‌ಫೋಕ್ ಪ್ರಾಂತ್ಯದ ಈ ಮನೆತನದ ಸಾವಿರಕ್ಕೂ ಹೆಚ್ಚು ಕಾಗದಪತ್ರಗಳು ಉಳಿದು ಬಂದಿವೆ. 1787ರಲ್ಲಿ ಜಾನ್ ಫೆನ್ ಇವನ್ನು ಮೊದಲು ಅಚ್ಚು ಹಾಕಿಸಿದಾಗ ಓದುಗರು ಮುಗಿಬಿದ್ದು ಕೊಂಡರು. ಅಂದಿನಿಂದ ಇವುಗಳನ್ನು ಒಂದು ಕುಟುಂಬದ ಆತ್ಮೀಯ ಮಾತುಗಳೆಂದು ಓದುವ ರೂಢಿ ಬೆಳೆಯಿತು. ವರ್ಜೀನಿಯಾ ವುಲ್ಫ್ 1925ರ ತನ್ನ ಪ್ರಬಂಧದಲ್ಲಿ, ಈ ಪತ್ರಗಳಲ್ಲಿ ಬರವಣಿಗೆಯ ಸುಖಕ್ಕಾಗಿ ಬರೆದದ್ದು ಏನೂ ಇಲ್ಲವೆಂಬ ಅರ್ಥದ ಮಾತು ಹೇಳಿದ್ದಾಳೆ. ಮಾತು ನಿಜ. ಆದರೆ ಆಕೆ ಅದನ್ನು ಕೊರತೆಯೆಂದು ಕಂಡಳು. ನನಗೆ ಈ ಪತ್ರಗಳ ಶಕ್ತಿ ಇರುವುದೇ ಅಲ್ಲಿ ಎನಿಸುತ್ತದೆ. ಇವು ಸಾಹಿತ್ಯವಾಗಲೆಂದು ಬರೆದವಲ್ಲ, ನೆನಪಿಗಾಗಿ ಇಟ್ಟವೂ ಅಲ್ಲ. ನಾಳೆ ಕೋರ್ಟಿನಲ್ಲಿ ಬೇಕಾದೀತು ಎಂದು ಕೂಡಿಟ್ಟವು. 1466ರಲ್ಲಿ ಗಂಡ ಸತ್ತ ಕೆಲವೇ ತಿಂಗಳಿಗೆ ಮಾರ್ಗರೆಟ್ ಪ್ಯಾಸ್ಟನ್ ತನ್ನ ಹಿರಿಮಗನಿಗೆ ಎಚ್ಚರಿಕೆ ಹೇಳಿ ಬರೆಸುತ್ತಾಳೆ: ನಿನ್ನಪ್ಪ ಕಷ್ಟ ಬಂದಾಗಲೆಲ್ಲ ಮನೆಯ ಬೇರೆ ವಸ್ತುಗಳಿಗಿಂತ ಕಾಗದಪತ್ರಗಳನ್ನೇ ಹೆಚ್ಚು ಜೋಪಾನ ಮಾಡುತ್ತಿದ್ದ, ಅವು ಹೋದರೆ ಮತ್ತೆ ಸಿಗುವಂಥವಲ್ಲ.

ಕಾಗದದ ಮೇಲೆ ಇಷ್ಟೊಂದು ಭಯಭಕ್ತಿ ಏಕೆ? ಏಕೆಂದರೆ ಈ ಮನೆತನದ ಕಾಲ ಕೆಳಗಿನ ಮಣ್ಣು ಹೊಸದು. ವೈರಿಯೊಬ್ಬ ಬರೆದಿಟ್ಟ ಟಿಪ್ಪಣಿಯ ಪ್ರಕಾರ ಮೂಲಪುರುಷ ಕ್ಲೆಮೆಂಟ್ ಪ್ಯಾಸ್ಟನ್ ನೇಗಿಲು ಹಿಡಿದು ಉತ್ತವನು, ಧಾನ್ಯದ ಮೂಟೆಯ ಮೇಲೆ ಕೂತು ಜೀನಿಲ್ಲದ ಕುದುರೆಯಲ್ಲಿ ಗಿರಣಿಗೆ ಹೋಗುತ್ತಿದ್ದವನು. ಅವನಿಗಿದ್ದದ್ದು ಹೆಚ್ಚೆಂದರೆ ನೂರಿಪ್ಪತ್ತು ಎಕರೆ, ಅದರಲ್ಲೂ ಬಹುಪಾಲು ಒಡೆಯನಿಗೆ ಕಟ್ಟುಬಿದ್ದ ನೆಲ. ಹೆಂಡತಿಯೂ ಹಾಗೆ ಕಟ್ಟುಬಿದ್ದ ಕುಲದವಳು. ವೈರಿಯ ಮಾತನ್ನು ಪೂರ್ತಿ ನಂಬಬೇಕಿಲ್ಲ. ಆದರೆ ಸಾಲ ಮಾಡಿ ಮಗನನ್ನು ಓದಿಸಿದನೆಂದು ಅದರಲ್ಲೇ ಇರುವ ಮಾತು ವೈರಿಗೇ ಗೊತ್ತಿಲ್ಲದ ಹೊಗಳಿಕೆ. ಆ ಮಗ ವಿಲಿಯಂ ವಕೀಲನಾಗಿ, 1429ರಲ್ಲಿ ನ್ಯಾಯಾಧೀಶನಾಗಿ, ಗಳಿಸಿದ್ದನ್ನೆಲ್ಲ ಜಮೀನಿಗೆ ಸುರಿದ. ಆಗ್ನೆಸ್ ಬೆರಿ ಎಂಬ ವಾರಸುದಾರ ಹೆಣ್ಣನ್ನು ಮದುವೆಯಾದ. ಅವನ ಮಗ ಜಾನ್ ಇನ್ನೊಬ್ಬ ವಾರಸುದಾರಳಾದ ಮಾರ್ಗರೆಟ್ ಮಾಟ್‌ಬಿಯನ್ನು ಮದುವೆಯಾದ. ಎರಡು ತಲೆಮಾರಿನಲ್ಲಿ ರೈತನ ಮನೆ ‘ಜೆಂಟ್ರಿ’ ಆಯಿತು. ಎಂದರೆ ದೊಡ್ಡ ಸರದಾರರಿಗಿಂತ ಕೆಳಗೆ, ಉಳುವವರಿಗಿಂತ ಮೇಲೆ ನಿಂತ, ಕುಲೀನರೆನಿಸಿಕೊಳ್ಳುವ ಭೂಮಾಲೀಕ ವರ್ಗ.

ಆ ಕಾಲದ ಕಾಯಿದೆಯನ್ನು ಸ್ವಲ್ಪ ತಿಳಿದುಕೊಳ್ಳದೆ ಪತ್ರಗಳ ಒಳಹೊಗಲು ಸಾಧ್ಯವಿಲ್ಲ. ತಂದೆಯ ಜಮೀನೆಲ್ಲ ಹಿರಿಯ ಮಗನಿಗೆ. ಗಂಡುಮಕ್ಕಳಿಲ್ಲದಿದ್ದರೆ ಮಾತ್ರ ಹೆಣ್ಣುಮಕ್ಕಳಿಗೆ ಸಮಪಾಲು. ಆಗ ಚಿಕ್ಕಪ್ಪ ದೊಡ್ಡಪ್ಪಂದಿರಿಗಿಂತ ಮಗಳ ಹಕ್ಕೇ ಮುಂದು, ಆಗ್ನೆಸ್, ಮಾರ್ಗರೆಟ್ ಶ್ರೀಮಂತರಾದದ್ದು ಹೀಗೆ. ವಿಧವೆಗೆ ಗಂಡನ ಜಮೀನಿನ ಮೂರರಲ್ಲೊಂದು ಪಾಲು ಜೀವಂತ ಇರುವವರೆಗೆ. ಅಥವಾ ಮದುವೆಯ ಹೊತ್ತಿನಲ್ಲೇ ಇಬ್ಬರ ಹೆಸರಿಗೂ ಬರೆದಿಟ್ಟ ‘ಜಾಯಿಂಚರ್’ ಜಮೀನು. ಇನ್ನೂ ಒಂದು ವಿಚಿತ್ರ: 1540ರವರೆಗೆ ಜಮೀನನ್ನು ಉಯಿಲಿನಲ್ಲಿ ಬರೆಯಲು ಸಾಮಾನ್ಯ ಕಾಯಿದೆ ಬಿಡುತ್ತಿರಲಿಲ್ಲ. ಅದಕ್ಕಾಗಿ ಬದುಕಿರುವಾಗಲೇ ಜಮೀನನ್ನು ನಂಬಿಕಸ್ಥ ಗೆಳೆಯರ, ವಕೀಲರ ಹೆಸರಿಗೆ ಮಾಡಿ, ನನ್ನ ನಂತರ ಹೀಗೆ ಹೀಗೆ ಮಾಡಿ ಎಂದು ಹೇಳಿ ಸಾಯುತ್ತಿದ್ದರು. ನಂಬಿಕಸ್ಥರು ನಂಬಿಕೆ ಉಳಿಸಿಕೊಂಡರೆ ಸರಿ.

1444ರಲ್ಲಿ ನ್ಯಾಯಾಧೀಶ ವಿಲಿಯಂ ಸಾಯುವಾಗ ಮನೆಯೊಳಗೇ ಮೊದಲ ಬಿರುಕು ಬಿಟ್ಟಿತು. ಒಬ್ಬನಿಗೇ ಎಲ್ಲ ಕೊಟ್ಟು ಉಳಿದ ಮಕ್ಕಳಿಗೆ ಬದುಕಲು ಸಾಲದಂತೆ ಮಾಡಲಾರೆ ಎಂದು ಅವನು ಹೇಳಿದ್ದನೆಂದು ಆಗ್ನೆಸ್ ಇಪ್ಪತ್ತೆರಡು ವರ್ಷಗಳ ನಂತರವೂ ನೆನಪಿಟ್ಟು ಬರೆಸುತ್ತಾಳೆ. ಹಿರಿಮಗ ಜಾನ್ ಅದಕ್ಕೆ ಒಪ್ಪಲಿಲ್ಲ. ಜೀವನವಿಡೀ ಕಾಯಿದೆ ಓದಿದ ತಂದೆ ಸಾವಿನ ಮಂಚದಲ್ಲಿ ಕಾಯಿದೆಯ ವಿರುದ್ಧ ಮಾತಾಡಿದ, ಮಗ ಕಾಯಿದೆಯ ಪರ ನಿಂತ.

ಹೊರಗಿನವರಂತೂ ಕಾಯುತ್ತಲೇ ಇದ್ದರು. 1448ರಲ್ಲಿ ಮೋಲೀನ್ಸ್ ಪ್ರಭು ಪ್ಯಾಸ್ಟನ್ನರ ಗ್ರೆಶಮ್ ಜಮೀನು ತನ್ನದೆಂದು ಆಕ್ರಮಿಸಿದ. ಜಾನ್ ಲಂಡನ್ನಿನ ಕೋರ್ಟುಗಳಲ್ಲಿ ಅಲೆಯುತ್ತಿದ್ದ. ಹತ್ತಿರದ ಮನೆಯಲ್ಲಿ ನೆಲೆ ಹಿಡಿದು ಕೂತಿದ್ದ ಮಾರ್ಗರೆಟ್ ಗಂಡನಿಗೆ ಬರೆಸುತ್ತಾಳೆ: ಅಡ್ಡಬಿಲ್ಲುಗಳನ್ನೂ ಬಾಣಗಳನ್ನೂ ಕಳಿಸಿ, ಇಲ್ಲಿಯ ಮನೆಗಳ ಮಾಡು ತಗ್ಗು, ಉದ್ದ ಬಿಲ್ಲು ಎಳೆಯಲಾಗದು, ಗಿಡ್ಡ ಹಿಡಿಯ ಕೊಡಲಿಗಳು ಬೇಕು. ಅದೇ ಪತ್ರದ ಕೊನೆಗೆ, ಒಂದು ಪೌಂಡ್ ಬಾದಾಮಿ, ಒಂದು ಪೌಂಡ್ ಸಕ್ಕರೆ, ಮಕ್ಕಳ ನಿಲುವಂಗಿಗೆ ಒರಟು ಉಣ್ಣೆಬಟ್ಟೆ. ಕಥೆ ಬರೆಯುವ ನನ್ನಂಥವರಿಗೆ ಹೊಟ್ಟೆಕಿಚ್ಚು ತರಿಸುವ ಪತ್ರ ಇದು. ಕೊಡಲಿ ಮತ್ತು ಬಾದಾಮಿಯ ನಡುವೆ ಆಕೆ ಉಸಿರು ಎಳೆದುಕೊಳ್ಳುವುದೂ ಇಲ್ಲ. 1450ರ ಜನವರಿಯಲ್ಲಿ ಮೋಲೀನ್ಸನ ಜನ ಬಂದರು. ಪ್ಯಾಸ್ಟನ್ನರ ದೂರಿನ ಪ್ರಕಾರ ಸಾವಿರ ಮಂದಿ. ಒಳಗೆ ಮಾರ್ಗರೆಟ್ ಜೊತೆ ಇದ್ದದ್ದು ಹನ್ನೆರಡು ಜನ. ಆಕೆಯಿದ್ದ ಕೋಣೆಯ ಗೋಡೆಯನ್ನು ಬುಡದಿಂದ ಕೊರೆದು ಆಕೆಯನ್ನು ಎತ್ತಿ ಹೊರಗೆ ಹಾಕಿದರು.

ಇಂಥ ಮಾರ್ಗರೆಟಳನ್ನು ಧೀರ ಮಹಿಳೆಯೆಂದು ಕೊಂಡಾಡುವ ಓದು ಇತ್ತೀಚಿನದು, ಬಹುಮಟ್ಟಿಗೆ ನ್ಯಾಯವಾದದ್ದು ಕೂಡ. ಆದರೆ ಆ ಧೈರ್ಯ ಯಾವುದನ್ನು ಕಾಯುತ್ತಿತ್ತು, ಯಾರನ್ನು ಬಲಿ ಕೊಟ್ಟಿತು ಎಂಬ ಪ್ರಶ್ನೆಯನ್ನು ಆ ಓದು ಬೇಗ ದಾಟಿಬಿಡುತ್ತದೆ. ಅತ್ತೆ ಆಗ್ನೆಸಳ ಮಗಳು ಎಲಿಜಬೆತ್‌ಳ ಕಥೆಯನ್ನೇ ನೋಡಿ. ಅವಳಿಗೆ ಐವತ್ತರ ಆಸುಪಾಸಿನ, ರೋಗದಿಂದ ವಿರೂಪಗೊಂಡಿದ್ದ ಸ್ಟೀಫನ್ ಸ್ಕ್ರೂಪ್ ಎಂಬ ವಿಧುರನ ಸಂಬಂಧ ಬಂತು. ತಾಯಿ ಅವಳನ್ನು ಕೋಣೆಯಲ್ಲಿ ಕೂಡಿ, ವಾರಕ್ಕೆ ಒಂದೆರಡು ಸಲ, ಕೆಲವೊಮ್ಮೆ ದಿನಕ್ಕೇ ಎರಡು ಸಲ ಹೊಡೆಯುತ್ತಿದ್ದಳು, ತಲೆ ಎರಡು ಮೂರು ಕಡೆ ಒಡೆದಿತ್ತು ಎಂದು ಬಂಧು ಎಲಿಜಬೆತ್ ಕ್ಲೇರ್ ಹುಡುಗಿಯ ಅಣ್ಣನಿಗೆ ಬರೆಯುತ್ತಾಳೆ. ಇಷ್ಟು ಪ್ರಸಿದ್ಧವಾದ ಭಾಗ. ಅದೇ ಪತ್ರದ ಉಳಿದ ಭಾಗವನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಸ್ಕ್ರೂಪನ ಮೊದಲ ಮಗಳಿಗೆ ಎಷ್ಟು ಹೋಗುತ್ತದೆ, ಎಲಿಜಬೆತ್‌ಳಿಗೆ ಹುಟ್ಟುವ ಮಗನಿಗೆ ಎಷ್ಟು ಉಳಿಯುತ್ತದೆ ಎಂದು ಆ ಕರುಣೆಯ ಹೆಂಗಸು ಲೆಕ್ಕ ಹಾಕುತ್ತಾಳೆ. ಜಮೀನಿಗೆ ತಕರಾರಿಲ್ಲದಿದ್ದರೆ ಹುಡುಗಿಯೂ ಒಪ್ಪುತ್ತಾಳೆ ಎನ್ನುತ್ತಾಳೆ. ತಲೆ ಒಡೆಸಿಕೊಂಡವಳೂ ಕೇಳುವುದು ಹಕ್ಕುಪತ್ರ ಸರಿಯಿದೆಯೇ ಎಂದೇ. ಈ ಪತ್ರ ಸುಟ್ಟುಬಿಡು, ನಿನ್ನಮ್ಮನಿಗೆ ತಿಳಿದರೆ ನನ್ನ ಮುಖ ನೋಡುವುದಿಲ್ಲ ಎಂದು ಕ್ಲೇರ್ ಬೇಡಿಕೊಂಡಿದ್ದಾಳೆ. ಪತ್ರ ಸುಡಲಿಲ್ಲ. ಆ ಮನೆಯಲ್ಲಿ ಕಾಗದ ಸುಡುವ ಪದ್ಧತಿ ಇರಲಿಲ್ಲ.

ಆ ಸ್ಕ್ರೂಪ್ ರಾಕ್ಷಸನೇನೂ ಅಲ್ಲ. ತಂದೆ ಸತ್ತ ಮೇಲೆ ಅವನ ತಾಯಿಯನ್ನು ಮದುವೆಯಾದವನು ಸರ್ ಜಾನ್ ಫಾಸ್ಟಾಲ್ಫ್, ಫ್ರಾನ್ಸಿನ ಯುದ್ಧಗಳಲ್ಲಿ ಹಣ ಮಾಡಿದ ದಂಡನಾಯಕ. ವಾರಸುದಾರ ಬಾಲಕನ ಪಾಲನೆಯ ಹಕ್ಕು, ಅವನ ಮದುವೆ ಮಾಡಿಸುವ ಹಕ್ಕು ಆ ಕಾಲದಲ್ಲಿ ಮಾರಾಟದ ಸರಕು. ಫಾಸ್ಟಾಲ್ಫ್ ಮಲಮಗನನ್ನು 500 ಮಾರ್ಕಿಗೆ ಮಾರಿ ಮತ್ತೆ ಕೊಂಡ. ತನಗೆ ಬಂದ ರೋಗ ಆ ಮಾರಾಟದ ದಿನಗಳದ್ದೆಂದು ಸ್ಕ್ರೂಪ್ ದೂರಿಕೊಂಡಿದ್ದಾನೆ. ತಾಯಿ ಸತ್ತ ಮೇಲೂ ಅವಳ ಕಡೆಯ ಜಮೀನು ಮಲತಂದೆಯ ಕೈಯಲ್ಲೇ ಉಳಿಯಿತು. ಇದೇ ಮನುಷ್ಯ 1450ರ ಸುಮಾರಿಗೆ ಆ ಮಲತಂದೆಗಾಗಿಯೇ ಒಂದು ಪುಸ್ತಕವನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ತಂದ: ತತ್ವಜ್ಞಾನಿಗಳ ನುಡಿಗಳ ಸಂಕಲನ. ಅದರ ಮೂಲ ಹನ್ನೊಂದನೆಯ ಶತಮಾನದ ಈಜಿಪ್ಟಿನಲ್ಲಿದ್ದ ಮುಬಶ್ಶಿರ್ ಇಬ್ನ್ ಫಾತಿಕ್ ಅರಬಿಯಲ್ಲಿ ಬರೆದ ‘ಮುಖ್ತಾರುಲ್ ಹಿಕಮ್’. ಅರಬಿಯಿಂದ ಸ್ಪ್ಯಾನಿಷ್, ಅಲ್ಲಿಂದ ಲ್ಯಾಟಿನ್, ಫ್ರೆಂಚ್ ದಾಟಿ ಅದು ನಾರ್‌ಫೋಕಿನ ದಂಡನಾಯಕನ ಮನೆಗೆ ಬಂದಿತ್ತು. ಸಂಪತ್ತಿನ ಅಸ್ಥಿರತೆಯ ಬಗ್ಗೆ ಹಿರಿಯರ ಮಾತುಗಳನ್ನು ಒಬ್ಬ ಆಸ್ತಿವಂಚಿತ, ತನ್ನ ಆಸ್ತಿ ಹಿಡಿದುಕೊಂಡವನಿಗೇ ಅನುವಾದಿಸಿ ಕೊಟ್ಟ. ಇದರಲ್ಲಿ ವ್ಯಂಗ್ಯವಿತ್ತೋ, ಓಲೈಕೆಯಿತ್ತೋ ಹೇಳುವುದು ಕಷ್ಟ. ಎರಡೂ ಇದ್ದಿರಬಹುದು.

ಫಾಸ್ಟಾಲ್ಫ್ ಮಕ್ಕಳಿಲ್ಲದೆ 1459ರ ನವೆಂಬರಿನಲ್ಲಿ ತೀರಿಕೊಂಡ. ಸಾಯುವ ಎರಡು ದಿನ ಮುಂಚೆ ಬಾಯಿಮಾತಿನಲ್ಲಿ ಉಯಿಲು ಬದಲಿಸಿ, ಕೇಸ್ಟರ್ ಕೋಟೆಯೂ ಸೇರಿ ನಾರ್‌ಫೋಕ್, ಸಫೋಕಿನ ಜಮೀನನ್ನೆಲ್ಲ ತನಗೆ ಬಿಟ್ಟ ಎಂದು ಜಾನ್ ಪ್ಯಾಸ್ಟನ್ ಹೇಳಿದ. ಪ್ರತಿಯಾಗಿ ಕೇಸ್ಟರಿನಲ್ಲಿ ಒಂದು ಧರ್ಮಸಂಸ್ಥೆ ಕಟ್ಟಬೇಕು, 4000 ಮಾರ್ಕ್ ಕೊಡಬೇಕು. ಬೇರೆ ನಂಬಿಕಸ್ಥರು ಇದನ್ನು ಒಪ್ಪಲಿಲ್ಲ. ಜಾನ್ ಮೂರು ಸಲ ಫ್ಲೀಟ್ ಸೆರೆಮನೆ ಕಂಡು 1466ರಲ್ಲಿ ಸತ್ತ. ಪ್ಯಾಸ್ಟನ್ನರು ಕಟ್ಟುಬಿದ್ದ ಒಕ್ಕಲಿನ ಕುಲದವರು, ಜಮೀನು ಹೊಂದಲು ಹಕ್ಕಿಲ್ಲದವರು ಎಂಬ ಹಳೆಯ ಆರೋಪ ಆ ಹೊತ್ತಿಗೆ ಮತ್ತೆ ಎದ್ದಿತ್ತು. ಅವನು ಸತ್ತ ಎರಡೇ ತಿಂಗಳಿಗೆ, ಅವರು ವಿಜೇತ ವಿಲಿಯಮನ ಕಾಲಕ್ಕೆ ಫ್ರಾನ್ಸಿನಿಂದ ಬಂದ ಪೂರ್ವಜರ ಕುಲೀನ ಸಂತಾನವೆಂದು ದೊರೆ ನಾಲ್ಕನೇ ಎಡ್ವರ್ಡ್ ಮುದ್ರೆ ಒತ್ತಿದ. ಅಜ್ಜ ಉತ್ತ ಹೊಲ ಹೀಗೆ ನಾಲ್ಕು ಶತಮಾನ ಹಿಂದೆ ಸರಿಯಿತು. ಆದರೂ 1469ರಲ್ಲಿ ನಾರ್‌ಫೋಕಿನ ಡ್ಯೂಕ್ ಕೇಸ್ಟರಿಗೆ ಮುತ್ತಿಗೆ ಹಾಕಿ ಕಿತ್ತುಕೊಂಡ. 1476ರಲ್ಲಿ ಅವನು ಸತ್ತ ಮೇಲೆ ಕೋಟೆ ವಾಪಸು ಬಂತು. ಫಾಸ್ಟಾಲ್ಫನ ಧರ್ಮದತ್ತಿ ಆ ವೇಳೆಗೆ ಆಕ್ಸ್‌ಫರ್ಡಿನ ಮಾಗ್ಡಲೆನ್ ಕಾಲೇಜಿನ ಪಾಲಾಗಿತ್ತು.

ಆ 1469ನೇ ವರ್ಷವೇ ಮನೆಯೊಳಗೂ ಇನ್ನೊಂದು ಮುತ್ತಿಗೆ. ಮಾರ್ಗರೆಟಳ ಮಗಳು ಮಾರ್ಜರಿ ಮನೆಯ ಪಾರುಪತ್ಯಗಾರ ರಿಚರ್ಡ್ ಕಾಲ್‌ಗೆ ಗುಟ್ಟಾಗಿ ಮಾತು ಕೊಟ್ಟಿದ್ದಳು. ಧರ್ಮದ ಕಟ್ಟಳೆಯಲ್ಲಿ ಆ ಮಾತೇ ಮದುವೆ. ನಾರಿಚ್‌ನ ಬಿಷಪ್ ಅವಳನ್ನು ಕರೆಸಿ ಕೇಳಿದಾಗ, ನಾನು ಆಡಿದ ಮಾತು ಸಾಲದಿದ್ದರೆ ಇಲ್ಲಿಂದ ಹೋಗುವ ಮುಂಚೆ ಇನ್ನೂ ಗಟ್ಟಿ ಮಾಡುತ್ತೇನೆ ಎಂದಳು. ಅಣ್ಣನಂತೂ, ತಂಗಿಯನ್ನು ಸಂತೆಯಲ್ಲಿ ಮೇಣದಬತ್ತಿ, ಸಾಸಿವೆ ಮಾರಲು ಕಳಿಸಲಾರೆ ಎಂದಿದ್ದ. ತಾಯಿ ಬಾಗಿಲು ಹಾಕಿಕೊಂಡಳು. ಮಾರ್ಜರಿ ತನ್ನ ಪ್ರಿಯನಿಗೆ ಬರೆದ ಒಂದು ಕಾಗದವೂ ಉಳಿದಿಲ್ಲ. ಅವನು ಅವಳಿಗೆ ಬರೆದ ಒಂದು ಉಳಿದಿದೆ, ಅದರಲ್ಲೂ ಸುಟ್ಟುಬಿಡು ಎಂಬ ಕೋರಿಕೆಯಿದೆ! ಕಾಲ್ ಮಾತ್ರ ಮನೆತನದ ಕೆಲಸಕ್ಕೆ ಬೇಕೇ ಬೇಕು. ಬಾಡಿಗೆ, ಗೇಣಿ, ವ್ಯಾಜ್ಯದ ಒಳಗುಟ್ಟು ಬಲ್ಲವನು ಅವನು. ಮಾರ್ಗರೆಟಳ ಎಷ್ಟೋ ಪತ್ರಗಳು ಅವನ ಕೈಬರಹದಲ್ಲೇ ಇವೆ. ಮಗಳು ಹೊರಗೆ, ಅಳಿಯ ಲೆಕ್ಕದ ಪುಸ್ತಕದ ಮುಂದೆ. ಈ ಒಂದು ವ್ಯವಸ್ಥೆಯಲ್ಲಿ ಆ ವರ್ಗದ ಮನಸ್ಸು ಪೂರ್ತಿ ಕಾಣುತ್ತದೆ.

ವ್ಯಾಲೆಂಟೈನ್ ಪತ್ರದ ಮಾರ್ಜರಿಯ ಮದುವೆ ನಡೆಯಿತು. ಹುಡುಗನ ಕಡೆಯಿಂದ ಮಾರ್ಗರೆಟ್ ತನ್ನ ತವರಿನ ಆಸ್ತಿಯ ಸ್ಪಾರಮ್ ಜಮೀನು ಕೊಡಲು ಮುಂದಾದಳು. ಅದಕ್ಕೂ ಹಿರಿಮಗ ಸರ್ ಜಾನ್ ಅಡ್ಡಮಾತು ತೆಗೆದ: ಈ ದಂಪತಿಗೆ ಹೆಣ್ಣು ಮಾತ್ರ ಹುಟ್ಟಿ, ಹೆಂಡತಿ ಸತ್ತು, ತಮ್ಮ ಇನ್ನೊಂದು ಮದುವೆಯಾಗಿ ಗಂಡು ಹುಟ್ಟಿದರೆ ಆ ಗಂಡಿಗೆ ಈ ಜಮೀನಿಲ್ಲವಲ್ಲ, ಕೆಂಟ್ ಪ್ರಾಂತ್ಯದಲ್ಲಿ ಒಬ್ಬ ದೊಡ್ಡ ಮನುಷ್ಯನಿಗೂ ಅವನ ತಂಗಿಗೂ ಇದೇ ಕಾರಣಕ್ಕೆ ಜಗಳ ನಡೆದಿದೆ, ವಕೀಲರನ್ನು ಕೇಳಿ. ಹುಡುಗಿ ಇನ್ನೂ ಹಸೆ ಏರಿಲ್ಲ, ಅವಳ ಸಾವಿನ ನಂತರದ ವಾರಸಿಕೆ ಚರ್ಚೆಯಾಗುತ್ತಿದೆ. ಫೆಬ್ರವರಿ 14ರಂದು ಅವಳ ಪತ್ರ ಉದ್ಧರಿಸುವವರು ಈ ಪತ್ರವನ್ನೂ ಅದರ ಪಕ್ಕಕ್ಕೆ ಇಟ್ಟು ಓದಿದರೆ ಚೆನ್ನ.

ಮಾರ್ಗರೆಟ್ 1482ರ ಫೆಬ್ರವರಿಯಲ್ಲಿ ಉಯಿಲು ಬರೆಸಿದಳು. ಗಂಡನನ್ನು ಭಾರಿ ಖರ್ಚಿನಲ್ಲಿ ಹೂಳಿದ್ದು ಬ್ರಾಮ್‌ಹೋಮ್ ಮಠದಲ್ಲಿ. ಅವನ ಗೋರಿಗೆ ಕಲ್ಲು ಹಾಕಿಸಿಲ್ಲವೆಂದು ಮಗನನ್ನು ವರ್ಷಗಟ್ಟಲೆ ಬೈದವಳು ಇವಳೇ. ಆದರೆ ತನ್ನನ್ನು ಹೂಳಬೇಕಾದದ್ದು ಮಾಟ್‌ಬಿಯಲ್ಲಿ, ತವರಿನ ಹಿರಿಯರು ಮಲಗಿರುವಲ್ಲಿ. ಕಲ್ಲಿನ ನಾಲ್ಕು ಮೂಲೆಗೆ ಯಾವ ಯಾವ ಕುಲಲಾಂಛನ ಇರಬೇಕೆಂದು ಒಂದೊಂದಾಗಿ ಹೇಳಿದ್ದಾಳೆ. ಗಂಡನದು ಒಂದು ಮೂಲೆಯಲ್ಲಿ, ಅದೂ ತನ್ನದರ ಜೊತೆ ಅರ್ಧ. ನಡುವೆ ಮಾಟ್‌ಬಿಯದು ಮಾತ್ರ. ಮಗಳು ಮಾರ್ಜರಿಯ ಮಗ ಜಾನ್ ಕಾಲ್‌ಗೆ, ಇಪ್ಪತ್ತನಾಲ್ಕು ತುಂಬಿದಾಗ, 20 ಪೌಂಡ್. ಅವನು ಅಷ್ಟರೊಳಗೆ ತೀರಿಕೊಂಡರೆ ಆ ಹಣ ಅವನ ತಮ್ಮಂದಿರಾದ ವಿಲಿಯಂ, ರಿಚರ್ಡ್ ಇಬ್ಬರಿಗೆ ಸಮನಾಗಿ. ಅಳಿಯ ರಿಚರ್ಡ್ ಕಾಲ್‌ಗೆ ಏನೂ ಇಲ್ಲ.