ಓರೆ ಮನೆಯ ಓರೆ ಎಷ್ಟು?

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಹಿಮ್ಲಿ ಹಳ್ಳಿಯ ಬಳಿ ‘ಕ್ರೂಕೆಡ್ ಹೌಸ್’, ಎಂದರೆ ಸೊಟ್ಟ ಮನೆ, ಎಂಬ ಪಬ್ ಇತ್ತು. 2023ರ ಆಗಸ್ಟ್ 5ರ ರಾತ್ರಿ ಅದು ಬೆಂಕಿಗೆ ಆಹುತಿಯಾಯಿತು. ಎರಡು ದಿನದೊಳಗೆ ಉಳಿದ ಗೋಡೆಗಳನ್ನೂ ಕೆಡವಲಾಯಿತು. ಬೆಂಕಿಗೆ ಮುನ್ನ ಇದ್ದಂತೆಯೇ ಅದನ್ನು ಮತ್ತೆ ಕಟ್ಟಬೇಕೆಂದು ಸೌತ್ ಸ್ಟಾಫರ್ಡ್‌ಶೈರ್ ಕೌನ್ಸಿಲ್ 2024ರ ಫೆಬ್ರವರಿಯಲ್ಲಿ ಆದೇಶಿಸಿತು. ‘ಇದ್ದಂತೆಯೇ’ ಎಂದರೆ ಹೇಗೆ? ಪರಿಶೀಲಿಸೋಣ.

1765ರಲ್ಲಿ ರೈತನ ಮನೆಯಾಗಿ ಇಟ್ಟಿಗೆಯಿಂದ ಕಟ್ಟಿದ ಈ ಕಟ್ಟಡ 1830ರ ಸುಮಾರಿಗೆ ಪಬ್ ಆಯಿತು. ಅಡಿಯಲ್ಲಿದ್ದ ಕಲ್ಲಿದ್ದಲನ್ನು ಅಗೆದು ತೆಗೆದುದರಿಂದ ನೆಲ ಕುಸಿದು ಒಂದು ಪಾರ್ಶ್ವ ಕೆಳಗಿಳಿಯಿತು. 1940ರ ದಶಕದಲ್ಲಿ ಅಪಾಯಕಾರಿಯೆಂದು ಕೆಡವಲು ನಿರ್ಧರಿಸಿದಾಗ, ಬಿಯರ್ ತಯಾರಿಸುವ ಕಂಪನಿಯೊಂದು ಅದನ್ನು ಕೊಂಡು, ಆನಿಕೆ ಗೋಡೆ ಮತ್ತು ಲೋಹದ ತೊಲೆಗಳಿಂದ ಭದ್ರಪಡಿಸಿತು. ನೆಟ್ಟಗೆ ಮಾಡದೆ ಸೊಟ್ಟನ್ನೇ ಸ್ಥಿರಗೊಳಿಸಿದ್ದು ವಿವೇಕದ ಕೆಲಸ. ಗಣಿಗಾರಿಕೆಯ ಪರಿಣಾಮಕ್ಕೆ ಆ ಗೋಡೆಗಳೇ ಸಾಕ್ಷಿಯಾಗಿ ಉಳಿದವು.

ಒಳಗೆ ಮೇಜಿನ ಮೇಲಿಟ್ಟ ಗೋಲಿ ಏರಿನತ್ತ ಉರುಳುವಂತೆ ಕಾಣುತ್ತಿತ್ತು. ಗುರುತ್ವವೇನೂ ಬದಲಾಗಿರಲಿಲ್ಲ. ಗೋಡೆ, ಕಿಟಕಿ, ಬಾಗಿಲು ಎಲ್ಲವೂ ವಾಲಿರುವಾಗ ಕಣ್ಣು ಗೋಡೆಯ ಗೆರೆಯನ್ನೇ ಲಂಬವೆಂದು ನಂಬುತ್ತದೆ. ಆಗ ನಿಜವಾದ ಇಳಿಜಾರು ಏರಾಗಿ ತೋರುತ್ತದೆ.

ಈ ಕಟ್ಟಡದ ಬಗ್ಗೆ ಎರಡು ಅಂಕಿಗಳು ಪ್ರಚಾರದಲ್ಲಿವೆ: ಓರೆ 15 ಡಿಗ್ರಿ; ಎರಡು ಪಾರ್ಶ್ವಗಳ ಎತ್ತರದ ವ್ಯತ್ಯಾಸ ಸುಮಾರು 1.2 ಮೀಟರ್. ಇಡೀ ಮನೆ ಒಂದೇ ಪೆಟ್ಟಿಗೆಯಂತೆ ವಾಲಿದ್ದರೆ, 15 ಡಿಗ್ರಿಯ ಟ್ಯಾನ್ ಬೆಲೆ 0.268 ಆದ್ದರಿಂದ, ಅದರ ಅಗಲ 4.5 ಮೀಟರ್ ಮಾತ್ರ ಇರಬೇಕು. ಚಿತ್ರಗಳಲ್ಲಿ ಕಾಣುವ ಮನೆ ಅದಕ್ಕಿಂತ ಬಹಳ ಅಗಲ. ಎಂದರೆ ಎಲ್ಲ ಭಾಗಗಳೂ ಒಂದೇ ಪ್ರಮಾಣದಲ್ಲಿ ವಾಲಿರಲಿಲ್ಲವೆಂದು ತರ್ಕಿಸಬಹುದು. ಒಂದೇ ಕೋನ ಹಿಡಿದು ಕಟ್ಟಿದರೆ ಅದು ಬೇರೆಯೇ ಮನೆಯಾಗುತ್ತದೆ.

ಆದೇಶದ ಉದ್ದೇಶ ಮೆಚ್ಚತಕ್ಕದ್ದೇ. ಆದರೆ ನೆಲ ಕುಸಿದು ಬಂದ ಓರೆಗೂ ನಕ್ಷೆ ನೋಡಿ ಕಟ್ಟಿದ ಓರೆಗೂ ವ್ಯತ್ಯಾಸವಿದೆ. ಎರಡನೆಯದು ಮಾದರಿ ಮಾತ್ರ, ಪುರಾವೆಯಲ್ಲ. ಈ ಪಬ್ ಶಾಸನಬದ್ಧ ಸಂರಕ್ಷಣಾ ಪಟ್ಟಿಯಲ್ಲಿ ಇರಲಿಲ್ಲವೆಂಬುದೇ ಮೂಲ ಲೋಪ. ಪ್ರಸಿದ್ಧಿ ರಕ್ಷಣೆಯಾಗದು.

ದಾರ, ಕಲ್ಲು ಮತ್ತು ಕೋನಮಾಪಕ ಇದ್ದರೆ ಯಾವುದೇ ಗೋಡೆಯ ಓರೆಯನ್ನು ವಿದ್ಯಾರ್ಥಿಗಳೇ ಅಳೆಯಬಹುದು. ನಿಮ್ಮ ಊರಿನ ಹಳೆಯ ಕಟ್ಟಡದಲ್ಲಿ, ಅದು ನಿಂತಿರುವಾಗಲೇ, ಇದನ್ನು ಮಾಡಿಸಿ. ಅಳತೆಗಳನ್ನು ದಿನಾಂಕದೊಡನೆ ಬರೆದಿಡಿ.