ನಳದ ಮುಂದಿನ ಗುಂಡಿ

ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಹಳ್ಳಿಗಳ ಓಣಿಯಲ್ಲಿ ಮನೆಯ ಮುಂದೊಂದು ಗುಂಡಿ ಇರುತ್ತದೆ. ಎರಡು ಅಡಿ ಆಳ, ಮೇಲೆ ತಾಳಿಕೋಟೆ ಫರಸಿಯ ಮುಚ್ಚಳ. ಕಲ್ಲು ಸರಿಸಿದರೆ ಒಳಗೆ ಕತ್ತರಿಸಿದ ಪೈಪಿನ ಬಾಯಿ, ಅದಕ್ಕೆ ಬಟ್ಟೆ ಸುತ್ತಿದ ಕಟ್ಟಿಗೆಯ ಬೆಣೆ. ನಳ ಬಿಟ್ಟಾಗ ಬೆಣೆ ಕಿತ್ತು, ಕೊಡವನ್ನು ಗುಂಡಿಗಿಳಿಸಿ ತುಂಬಿಸಿಕೊಳ್ಳಬೇಕು. ನೀರು ಮೇಲೇರದ ಊರಿನಲ್ಲಿ ಕೊಡವೇ ಕೆಳಗಿಳಿಯುತ್ತದೆ.

ಹಳೆ ಲೈನು ತೆಗೆದು ಹೊಸದು ಹಾಕುವ ಕೆಲಸವನ್ನು ಅಳೆಯಲು ಈ ಗುಂಡಿಗಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ. 2019ರಲ್ಲಿ ಘೋಷಣೆಯಾದ ಜಲಜೀವನ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಆಗಿ ಇಂಡಿ, ಸಿಂದಗಿ ಸೀಮೆಯ ಓಣಿಗಳನ್ನೂ ಅಗೆಯಿತು. ಅದರ ದೊಡ್ಡ ಹೆಚ್ಚುಗಾರಿಕೆ ಲೆಕ್ಕದ ರೀತಿ. ಮೊದಲು ಊರಿಗೊಂದು ಬೋರು, ಓಣಿಗೊಂದು ಗುಮ್ಮಿ ಇದ್ದರೆ ಊರಿಗೆ ನೀರು ಕೊಟ್ಟಂತೆ. ಈಗ ಮನೆಯನ್ನೇ ಎಣಿಸುತ್ತಾರೆ. ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್, ಅಂದರೆ ಹದಿನೈದು ಲೀಟರಿನ ಹದಿನೆಂಟು ಕೊಡ. ಅಷ್ಟನ್ನೂ ಸೊಂಟದ ಮೇಲೆ ಹೊತ್ತವರಿಗೆ ಈ ಲೆಕ್ಕದ ಬೆಲೆ ಗೊತ್ತು.

ಆದರೂ ಗುಂಡಿ ಹೋಗಿಲ್ಲ. ಹಾಗಾದರೆ ನೀರಿಲ್ಲವೇ? ಇದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಆಲಮಟ್ಟಿ ಜಲಾಶಯ 519.6 ಮೀಟರ್ ಮಟ್ಟದಲ್ಲಿ ಸುಮಾರು 123 ಟಿಎಂಸಿ ನೀರು ಹಿಡಿಯುತ್ತದೆ. ಮೂರು ಸಾವಿರ ಜನರ ಹಳ್ಳಿಗೆ ದಿನಕ್ಕೆ ತಲೆಗೆ 55 ಲೀಟರಿನಂತೆ ವರ್ಷಕ್ಕೆ ಬೇಕಾಗುವುದು ಸುಮಾರು ಆರು ಕೋಟಿ ಲೀಟರ್. ಒಂದೇ ಒಂದು ಟಿಎಂಸಿ ಅಂಥ 470 ಹಳ್ಳಿಗಳಿಗೆ ವರ್ಷವಿಡೀ ಸಾಕು. ಅಣೆಕಟ್ಟಿಗೂ ಅಡುಗೆಮನೆಗೂ ನಡುವಿನ ಪೈಪಿನಲ್ಲಿ ಕೊರತೆ ಇದೆ. ಸವಳು ಬೋರನ್ನು ಬಿಟ್ಟು ಹೊಳೆಯ ನೀರನ್ನು ಶುದ್ಧಮಾಡಿ ತರುವ ಬಹುಗ್ರಾಮ ಯೋಜನೆಗಳು ಸರಿಯಾದ ದಾರಿಯೇ. ಆದರೆ ದೊಡ್ಡ ಕೊಳವೆ ಊರ ಟ್ಯಾಂಕಿನ ತನಕ ಬಂದು ನಿಂತರೆ, ಆಮೇಲಿನದು ಓಣಿಯ ಕತೆ.

ಓಣಿಯ ಕತೆಯಲ್ಲಿ ಮೊದಲ ಪಾತ್ರ ಎರೆ ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಹೀಗೆ ವರ್ಷ ವರ್ಷ ಎಳೆದು ದೂಡುವ ಮಣ್ಣಿನಲ್ಲಿ ಅಂಟು ಹಚ್ಚಿ ಜೋಡಿಸಿದ ಹಳೆ ಪಿವಿಸಿ ಪೈಪಿನ ಜಾಯಿಂಟು ಬಿಡುತ್ತದೆ. ಬಾಗುವ, ಕಾಯಿಸಿ ಒಂದಾಗಿಸುವ ಎಚ್‌ಡಿಪಿಇ ಪೈಪು ಈ ನೆಲಕ್ಕೆ ಒಪ್ಪುವ ಆಯ್ಕೆ, ಅದನ್ನು ಮೆಚ್ಚಲೇಬೇಕು. ಆದರೆ ಒಳ್ಳೆಯ ಪೈಪನ್ನೂ ಮೂರು ಅಡಿ ಆಳದಲ್ಲಿ, ಸುತ್ತ ಉಸುಕು ಹಾಕಿ ಮಲಗಿಸಬೇಕು. ಒಂದು ಅಡಿ ಗೀರಿ, ತೆಗೆದ ಹೆಂಟೆಯನ್ನೇ ಮೇಲೆ ದೂಡಿದರೆ ಕಬ್ಬಿನ ಟ್ರ್ಯಾಕ್ಟರಿನ ಗಾಲಿ ಅದರ ಆಯುಷ್ಯ ಬರೆಯುತ್ತದೆ.

ಎರಡನೆಯದು ಹಳೆಯ ಲೈನು. ನಮ್ಮ ಓಣಿಗಳ ಕೆಳಗೆ ಯೋಜನೆಗಳು ಪದರು ಪದರಾಗಿ ಮಲಗಿವೆ: ಕಿರು ನೀರು ಸರಬರಾಜು, ಅದರ ಪಕ್ಕ ವಿಶ್ವಬ್ಯಾಂಕಿನ ನೆರವಿನ ಜಲನಿರ್ಮಲ, ಈಗ ಮಿಷನ್. ಹೊಸದು ಬಂದಾಗ ಹಳೆಯದನ್ನು ಬಂದ್ ಮಾಡದಿದ್ದರೆ ಒಂದೇ ಟ್ಯಾಂಕಿನ ನೀರು ಎರಡೂ ಜಾಲಕ್ಕೆ ಹಂಚಿ ಒತ್ತಡ ಸಾಯುತ್ತದೆ. ಕೊನೆಯ ಮನೆಗೆ ನೀರು ಮುಟ್ಟುವುದಿಲ್ಲ. ಲೈನಿನ ಕೊನೆಯಲ್ಲಿ ಹೆಚ್ಚಾಗಿ ಇರುವುದು ದಲಿತರ ಕೇರಿ, ತಾಂಡಾ. ಇಂಡಿಯ ನಿಂಬೆ ತೋಟಗಳ ನಡುವಿನ ವಸ್ತಿಯ ಮನೆಗಳಿಗಂತೂ ಲೈನೇ ದೂರ.

ಆಗ ಜನ ಮತ್ತೆ ಗುಂಡಿ ಅಗೆಯುತ್ತಾರೆ. ಅದರ ಅಪಾಯ ಇಲ್ಲಿದೆ: ನಳ ನಿಂತ ಮೇಲೆ ಪೈಪು ಬರಿದಾಗಿ ಗಾಳಿ ಎಳೆಯುತ್ತದೆ; ಬೆಣೆ ಸಡಿಲಿದ್ದರೆ ಗುಂಡಿಯಲ್ಲಿ ನಿಂತ ಗಲೀಜನ್ನೂ ಎಳೆಯುತ್ತದೆ. ಮರುದಿನ ಮೊದಲ ಕೊಡಕ್ಕೆ ಬರುವುದು ಅದೇ. ಕಲುಷಿತ ನೀರು ಜೀವ ತೆಗೆಯುವುದನ್ನು 2022ರಲ್ಲಿ ರಾಮದುರ್ಗ ತಾಲೂಕಿನ ಮುದೇನೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ ಕಂಡವು.

ನಮ್ಮ ವಿಜಯಪುರ ಜಿಲ್ಲೆಯ ಹಿರಿಯರು ಕೊಳವೆಯ ಒತ್ತಡ, ಗಲೀಜಿನ ಈ ತೊಡಕನ್ನು ಬಲ್ಲವರಾಗಿದ್ದರು. ವಿಜಯಪುರ ನಗರಕ್ಕೆ ತೊರವಿಯಿಂದ, 1651ರ ಬೇಗಂ ತಲಾಬಿನಿಂದ ನೀರು ತಂದ ಆದಿಲ್‌ಶಾಹಿಗಳು ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ಒತ್ತಡ ಅಲ್ಲಿ ತಗ್ಗುತ್ತಿತ್ತು, ಕೆಸರು ಅಲ್ಲಿ ಕೂರುತ್ತಿತ್ತು. ಕೆಡುವುದು ಎಲ್ಲಿ, ಕೈ ಹಾಕುವುದು ಎಲ್ಲಿ ಎಂಬುದನ್ನು ಕಟ್ಟುವಾಗಲೇ ಯೋಚಿಸಿದ್ದರು. ಇಂದಿನ ಲೈನಿನ ನಕ್ಷೆ ಬಹಳ ಊರುಗಳಲ್ಲಿ ವಾಟರ್‌ಮನ್ ತಲೆಯೊಳಗಷ್ಟೇ ಇದೆ. ಯಾವ ವಾಲ್ ಎಷ್ಟು ಸುತ್ತು ತಿರುಗಿಸಿದರೆ ಯಾವ ಓಣಿಗೆ ನೀರು ಎಂಬುದು ಅವನಿಗೇ ಗೊತ್ತು. ಅವನನ್ನು ಕೇಳದೆ ಜೆಸಿಬಿ ಇಳಿಸುವುದು, ಅವನ ಪಗಾರವನ್ನು ತಿಂಗಳುಗಟ್ಟಲೆ ಎಳೆಯುವುದು, ಎರಡೂ ಪೈಪು ಒಡೆದಷ್ಟೇ ನಷ್ಟ. ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂದು ಮಿಷನ್ನಿನ ನಿಯಮವೇ ಹೇಳುತ್ತದೆ. ಕಾಮಗಾರಿ ಒಪ್ಪಿಕೊಳ್ಳುವ ಸಹಿಗೆ ಮುನ್ನ ಕೊನೆಯ ಮನೆಯವಳು ತನ್ನ ಕೊಡ ತುಂಬಿಸಿ ನೋಡಲಿ ಎಂಬ ಒಂದು ಸಾಲನ್ನು ಅದಕ್ಕೆ ಸೇರಿಸಬೇಕು.

2025ರ ಕೇಂದ್ರ ಬಜೆಟ್ ಮಿಷನ್ನನ್ನು 2028ರವರೆಗೆ ಮುಂದುವರಿಸಿ, ಕಾಮಗಾರಿಯ ಗುಣಮಟ್ಟ ಮತ್ತು ನಿರ್ವಹಣೆಗೆ ಒತ್ತು ಕೊಡುವುದಾಗಿ ಹೇಳಿದೆ. ನಳ ಎಣಿಸಿದ್ದು ಸಾಕು, ಇನ್ನು ಗುಂಡಿ ಎಣಿಸಬೇಕು. ಹೊಸ ಲೈನು ಹಾಕಿದ ವರ್ಷದ ಮೇಲೆ, ಒಂದು ಬೇಸಿಗೆ ಒಂದು ಮಳೆ ದಾಟಿದ ನಂತರ, ಕಡತ ಬಿಟ್ಟು ಓಣಿಯ ಕೊನೆಗೆ ಹೋಗಿ. ಗುಂಡಿಗೆ ಮಣ್ಣು ಬಿದ್ದು, ಅದರ ಮೇಲಿನ ಫರಸಿ ಈಗ ಬಟ್ಟೆ ಒಗೆಯುವ ಕಲ್ಲಾಗಿದ್ದರೆ ಕೆಲಸ ಆಗಿದೆ.