ತಿರುಗಾಟದ ತಂಡಗಳು: ಅಮೆರಿಕದ ಮಹಿಳಾ ವೃತ್ತಿಪರ ಬ್ಯಾಸ್ಕೆಟ್‌ಬಾಲಿನ ಆರಂಭಕಾಲ – ಒಂದು ವಿಮರ್ಶೆ

ಜಾನಪದ ಅಧ್ಯಯನವು ಆಟವನ್ನು ಪ್ರದರ್ಶನದಿಂದ ಬೇರ್ಪಡಿಸಿ ನೋಡುವುದಿಲ್ಲ. ಸುತ್ತ ಜನ ನೆರೆದ ಕೂಡಲೇ ಆಟವು ಸೋಲು ಗೆಲುವಿನ ಲೆಕ್ಕವನ್ನು ಮೀರುತ್ತದೆ. ಒಂದು ಸಮುದಾಯವು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತಾಗುತ್ತದೆ. ಆದರೆ ಲಿಖಿತ ಕ್ರೀಡಾ ಚರಿತ್ರೆಯ ದೃಷ್ಟಿಯೇ ಬೇರೆ. ಲೀಗ್, ಪ್ರಶಸ್ತಿ, ಅಧಿಕೃತ ಅಂಕಪಟ್ಟಿ ಇವುಗಳನ್ನೇ ಅದು ಪ್ರಮಾಣವೆಂದು ಒಪ್ಪುತ್ತದೆ. ಊರಿಂದೂರಿಗೆ ಸಂಚರಿಸಿ ಟಿಕೆಟಿನ ಹಣದಿಂದ ಬದುಕಿದ ತಂಡಗಳು ಅದರ ಕಣ್ಣಿಗೆ ಕೇವಲ 'ತಮಾಷೆ'ಯಾಗಿ ಕಾಣುತ್ತವೆ. 1930ರ ದಶಕದಿಂದ 1980ರ ದಶಕದವರೆಗೆ ಅಮೆರಿಕದ ಸಣ್ಣ ಊರುಗಳಲ್ಲಿ ಸಂಚರಿಸಿದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಗಳು ಬಹುಕಾಲ ಅಂಚಿನಲ್ಲಿಯೇ ಉಳಿದುದಕ್ಕೆ ಇದು ಮುಖ್ಯ ಕಾರಣ. ಯಕ್ಷಗಾನ ಮೇಳಗಳ ಸಂದರ್ಭದಲ್ಲಿ ಕನ್ನಡಕ್ಕೆ ಪರಿಚಿತವಾದ 'ತಿರುಗಾಟ' ಎಂಬ ಪದವು ಈ ತಂಡಗಳ ಬದುಕಿನ ಕ್ರಮಕ್ಕೆ ಚೆನ್ನಾಗಿ ಒಪ್ಪುತ್ತದೆ.

ಅಂಕಣದ ಗೆರೆಗಳು

ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟವನ್ನು ರೂಪಿಸಿದರು. ಮರುವರ್ಷವೇ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಮಹಿಳೆಯರಿಗಾಗಿ ಅವರು ಅಂಕಣವನ್ನು ಮೂರು ಭಾಗ ಮಾಡಿದರು. ಒಬ್ಬ ಆಟಗಾರ್ತಿ ತನ್ನ ಭಾಗದ ಗೆರೆಯನ್ನು ದಾಟುವಂತಿರಲಿಲ್ಲ; ಎದುರಾಳಿಯ ಕೈಯಿಂದ ಚೆಂಡನ್ನು ಕಸಿದುಕೊಳ್ಳುವಂತಿರಲಿಲ್ಲ. 1938ರಲ್ಲಿ ಮೂರು ಭಾಗಗಳು ಎರಡಾದವು. ಇಡೀ ಅಂಕಣದಲ್ಲಿ ಐವರು ಆಡುವ ಪದ್ಧತಿ ಕಾಲೇಜು ಮಹಿಳೆಯರಿಗೆ ದೊರೆತದ್ದು 1971ರಲ್ಲಿ. ಓಕ್ಲಹೋಮಾ ರಾಜ್ಯದ ಪ್ರೌಢಶಾಲೆಗಳು ಆರು ಮಂದಿಯ ವಿಭಜಿತ ಆಟವನ್ನು 1995ರವರೆಗೂ ಉಳಿಸಿಕೊಂಡಿದ್ದವು.

ಈ ಗೆರೆಗಳನ್ನು ಎಳೆದವರಲ್ಲಿ ಮಹಿಳಾ ಶಿಕ್ಷಣತಜ್ಞರೂ ಇದ್ದರು ಎಂಬುದು ಗಮನಾರ್ಹ. 1923ರಲ್ಲಿ ಲೂ ಹೆನ್ರಿ ಹೂವರ್ ಅವರ ಮುಂದಾಳುತನದಲ್ಲಿ ರಾಷ್ಟ್ರೀಯ ಹವ್ಯಾಸಿ ಕ್ರೀಡಾ ಒಕ್ಕೂಟದ ಮಹಿಳಾ ವಿಭಾಗ ಸ್ಥಾಪನೆಯಾಯಿತು. ಪ್ರವಾಸದ ಪಂದ್ಯಗಳು, ಟಿಕೆಟಿನ ವ್ಯಾಪಾರ, ಪ್ರೇಕ್ಷಕರ ಮನರಂಜನೆಗಾಗಿ ಹೆಣ್ಣಿನ ದೇಹದ ಬಳಕೆ ಇವೆಲ್ಲವನ್ನೂ ಅದು ವಿರೋಧಿಸಿತು. ಅದರ ಆತಂಕವನ್ನು ಸಂಪ್ರದಾಯಶರಣತೆ ಎಂದಷ್ಟೇ ತಳ್ಳಿಹಾಕುವುದು ಸರಿಯಲ್ಲ. ಮಾಲೀಕನ ಲಾಭಕ್ಕಾಗಿ ಆಟಗಾರ್ತಿಯರ ಶೋಷಣೆ ನಡೆಯುವ ಸಾಧ್ಯತೆ ಕಲ್ಪಿತವಾದುದಲ್ಲ. ಆದರೆ ಈ ರಕ್ಷಣೆಯ ಬೆಲೆಯಾಗಿ ಹೆಣ್ಣು ಗೆರೆಯೊಳಗೆ ನಿಲ್ಲಬೇಕಾಯಿತು. ಕಾಲೇಜಿನ ಅಂಗಳದಲ್ಲಿ ಮುಚ್ಚಿದ ಬಾಗಿಲು ತೆರೆದದ್ದು ಕಾರ್ಖಾನೆ, ವಿಮಾ ಕಂಪನಿ, ವಾಣಿಜ್ಯ ಕಾಲೇಜುಗಳ ತಂಡಗಳಲ್ಲಿ. ಅಮೆಚೂರ್ ಅಥ್ಲೆಟಿಕ್ ಯೂನಿಯನ್ 1926ರಲ್ಲಿ ಮಹಿಳೆಯರ ರಾಷ್ಟ್ರೀಯ ಪಂದ್ಯಾವಳಿ ಆರಂಭಿಸಿತು. ವೃತ್ತಿಪರ ತಂಡಗಳಿಗೆ ಆಟಗಾರ್ತಿಯರು ಒದಗಿದ್ದು ಈ ವಲಯದಿಂದ.

ಕೆಂಪು ಕೂದಲಿನ ವೇಷ

ಇಂತಹ ತಂಡಗಳಲ್ಲಿ ದೀರ್ಘಕಾಲ ಬಾಳಿದ್ದು 'ಆಲ್ ಅಮೆರಿಕನ್ ರೆಡ್ ಹೆಡ್ಸ್'. ಸಿ. ಎಂ. ಓಲ್ಸನ್ ಮತ್ತು ಅವರ ಪತ್ನಿ ಡಾಯ್ಲ್ 1936ರಲ್ಲಿ ಮಿಸೌರಿ ರಾಜ್ಯದ ಕ್ಯಾಸ್‌ವಿಲ್‌ನಲ್ಲಿ ಇದನ್ನು ಕಟ್ಟಿದರು. ಓಲ್ಸನ್‌ಗೆ ಅದಕ್ಕೂ ಮೊದಲೇ 'ಟೆರಿಬಲ್ ಸ್ವೀಡ್ಸ್' ಎಂಬ ಪುರುಷರ ಸಂಚಾರಿ ತಂಡ ನಡೆಸಿದ ಅನುಭವವಿತ್ತು. ಡಾಯ್ಲ್ ಬ್ಯೂಟಿ ಪಾರ್ಲರ್‌ಗಳ ಒಡತಿ. ಆಟಗಾರ್ತಿಯರೆಲ್ಲರೂ ಕೂದಲಿಗೆ ಕೆಂಪು ಬಣ್ಣ ಹಚ್ಚಿಕೊಂಡು ಅಥವಾ ಕೆಂಪು ಟೋಪನ್ ಧರಿಸಿ ಅಂಕಣಕ್ಕಿಳಿಯುವ ಕ್ರಮಕ್ಕೂ ಈ ವೃತ್ತಿಗೂ ಸಂಬಂಧವಿದೆ. ತುಟಿಗೆ ಬಣ್ಣ, ಮುಖಕ್ಕೆ ಪ್ರಸಾಧನ ಆಟದ ಭಾಗವೇ ಆಗಿದ್ದವು.

ತಂಡವು ಪ್ರತಿ ಊರಿನಲ್ಲೂ ಆಡುತ್ತಿದ್ದುದು ಅಲ್ಲಿನ ಪುರುಷರ ವಿರುದ್ಧ, ಅದೂ ಪುರುಷರ ನಿಯಮದಂತೆ. ಶಾಲೆಯ ಉಪಾಧ್ಯಾಯರು, ತರಬೇತುದಾರರು, ವ್ಯಾಪಾರಿಗಳು ಎದುರಾಳಿಗಳು. ಸ್ಥಳೀಯ ಸಂಘವೋ ಶಾಲೆಯೋ ಪ್ರಾಯೋಜಕ. ವಸೂಲಾದ ಹಣದಲ್ಲಿ ಇಬ್ಬರಿಗೂ ಪಾಲು. ಒಂದೇ ಕಾರಿನಲ್ಲಿ ಇಡೀ ತಂಡದ ಪ್ರಯಾಣ. ರಾತ್ರಿ ಆಟ, ಹಗಲು ದಾರಿ. ಒಂದು ಋತುವಿನಲ್ಲಿ ಇನ್ನೂರರಷ್ಟು ಪಂದ್ಯಗಳು ನಡೆಯುತ್ತಿದ್ದವು. ಮುಂದೆ ಆರ್ಕನ್ಸಾದ ಓರ್ವೆಲ್ ಮೂರ್ ಈ ತಂಡದ ಒಡೆತನ ಪಡೆದು ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ತಂಡಗಳನ್ನು ತಿರುಗಾಟಕ್ಕೆ ಕಳುಹಿಸಿದರು.

ವೇಷವನ್ನು ಹೆಣ್ಣಿನ ವಸ್ತುೀಕರಣವೆಂದು ಓದುವುದು ಸುಲಭ, ಮತ್ತು ಆ ಓದು ಭಾಗಶಃ ನಿಜ. ಆದರೆ ಅದು ಅಪೂರ್ಣ. ಗಂಡಸರನ್ನು ಬಹಿರಂಗವಾಗಿ ಸೋಲಿಸುವ ಹೆಣ್ಣು ಅಂದಿನ ಗ್ರಾಮೀಣ ಅಮೆರಿಕದಲ್ಲಿ ಹೆಣ್ತನವನ್ನೇ ಕಳೆದುಕೊಂಡವಳೆಂಬ ಆಪಾದನೆಗೆ ಗುರಿಯಾಗುತ್ತಿದ್ದಳು. ಕೆಂಪು ಕೂದಲು ಆ ಆಪಾದನೆಗೆ ಮುಂಚಿತವಾಗಿ ಕೊಟ್ಟ ಉತ್ತರ. ವೇಷಧಾರಿಗೆ ನಿತ್ಯಜೀವನದಲ್ಲಿಲ್ಲದ ಸ್ವಾತಂತ್ರ್ಯ ರಂಗದಲ್ಲಿ ದೊರೆಯುತ್ತದೆ ಎಂಬ ಪ್ರದರ್ಶನ ಕಲೆಗಳ ಸಾಮಾನ್ಯ ಸೂತ್ರ ಇಲ್ಲಿಯೂ ಕೆಲಸ ಮಾಡಿದೆ.

ನಗೆಯ ಎರಡು ಮುಖ

ರೆಡ್ ಹೆಡ್ಸ್ ಆಟದಲ್ಲಿ ಹಾಸ್ಯದ ಸಿದ್ಧ ಘಟಕಗಳಿದ್ದವು. ಒಬ್ಬಳು ಇನ್ನೊಬ್ಬಳ ಹೆಗಲೇರಿ ಬುಟ್ಟಿಗೆ ಚೆಂಡು ಹಾಕುವುದು, ಮಂಡಿಯೂರಿ ಚೆಂಡು ಪುಟಿಸುವುದು ಪ್ರಸಿದ್ಧವಾದವು. ಎದುರಾಳಿ ತನ್ನನ್ನು ಚಿವುಟಿದನೆಂದು ತೀರ್ಪುಗಾರನಲ್ಲಿ ದೂರುವ ಪ್ರಸಂಗ ಇನ್ನೊಂದು. ಈ ಕೊನೆಯದು ವಿಶೇಷ ವಿಶ್ಲೇಷಣೆಗೆ ಅರ್ಹ. ಅಂಕಣದ ಹೊರಗೆ ಹೆಣ್ಣಿನ ಇಂತಹ ದೂರನ್ನು ಕೇಳಿಸಿಕೊಳ್ಳುವವರು ವಿರಳವಾಗಿದ್ದ ಕಾಲವದು. ಇಲ್ಲಿ ಆಕೆ ಊರೆದುರು ದೂರುತ್ತಾಳೆ. ಊರಿನ ಗಣ್ಯ ಗಂಡಸು ತಬ್ಬಿಬ್ಬಾಗಿ ನಿಲ್ಲುತ್ತಾನೆ. ಅದೇ ಹೊತ್ತಿಗೆ ದೂರು ಸುಳ್ಳೆಂದು ಎಲ್ಲರಿಗೂ ಗೊತ್ತಿರುವುದರಿಂದ ಹೆಣ್ಣಿನ ದೂರೇ ನಗೆಪಾಟಲಾಗುತ್ತದೆ. ಆದ್ದರಿಂದ ಈ ಹಾಸ್ಯವನ್ನು ಶುದ್ಧ ಪ್ರತಿರೋಧವೆನ್ನುವುದಾಗಲಿ, ಶುದ್ಧ ಶರಣಾಗತಿಯೆನ್ನುವುದಾಗಲಿ ಸಾಧುವಲ್ಲ.

ಹಾಸ್ಯದ ಆರ್ಥಿಕ ತರ್ಕವನ್ನೂ ಮರೆಯುವಂತಿಲ್ಲ. ಸೋತ ಊರು ಅವಮಾನದಿಂದ ಕುದಿದರೆ ಮರುವರ್ಷ ತಂಡಕ್ಕೆ ಕರೆ ಬಾರದು. ನಗುತ್ತ ಸೋತ ಊರು ಮತ್ತೆ ಕರೆಯುತ್ತದೆ. ನಗೆಯು ಸೋಲಿನ ಮೊನಚನ್ನು ತೆಗೆಯಿತು. ಆದರೆ ಆ ನಗೆಯೇ ಮುಂದೆ ಗೆಲುವಿನ ತೂಕವನ್ನೂ ಕಡಿಮೆ ಮಾಡಿತು.

ಹೇಜಲ್ ವಾಕರ್: ಒಳಗಿನ ವಿಮರ್ಶೆ

ಈ ಪರಂಪರೆಯ ಬಲವಾದ ವಿಮರ್ಶೆ ಹೊರಗಿನಿಂದ ಬಂದುದಲ್ಲ, ಆಟಗಾರ್ತಿಯೊಬ್ಬಳಿಂದಲೇ ಬಂತು. 1914ರಲ್ಲಿ ಆರ್ಕನ್ಸಾದಲ್ಲಿ ಹುಟ್ಟಿದ ಹೇಜಲ್ ವಾಕರ್ ಹವ್ಯಾಸಿ ವಲಯದಲ್ಲಿ ಹನ್ನೊಂದು ಬಾರಿ ರಾಷ್ಟ್ರದ ಶ್ರೇಷ್ಠ ಆಟಗಾರ್ತಿಯರ ಪಟ್ಟಿಗೆ ಸೇರಿದ್ದವರು. 1946ರಲ್ಲಿ ರೆಡ್ ಹೆಡ್ಸ್ ಸೇರಿದ ಅವರು 1949ರಲ್ಲಿ ಹೊರಬಂದು 'ಆರ್ಕನ್ಸಾ ಟ್ರಾವೆಲರ್ಸ್' ಎಂಬ ಸ್ವಂತ ತಂಡ ಕಟ್ಟಿದರು. ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡದ ಒಡೆತನ ಹೊಂದಿದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸಲಾಗಿದೆ. 1965ರವರೆಗೆ ಈ ತಂಡ ಪುರುಷರ ವಿರುದ್ಧ ಪುರುಷರ ನಿಯಮದಲ್ಲಿಯೇ ಆಡಿತು. ಕೆಂಪು ಕೂದಲು ಇದರ ಗುರುತಾಗಿರಲಿಲ್ಲ. ವಿರಾಮದ ವೇಳೆ ವಾಕರ್ ಸ್ಥಳೀಯರಿಗೆ ಫ್ರೀ ಥ್ರೋ ಸ್ಪರ್ಧೆಯ ಸವಾಲು ಹಾಕುತ್ತಿದ್ದರು. ಅದೂ ಪ್ರದರ್ಶನವೇ. ಆದರೆ ಅಲ್ಲಿ ನಗೆಯ ಸ್ಥಾನದಲ್ಲಿ ಕೌಶಲವಿತ್ತು.

ತಂಡದ ಹೆಸರು ಜಾನಪದ ದೃಷ್ಟಿಯಿಂದ ಕುತೂಹಲಕರ. 'ಆರ್ಕನ್ಸಾ ಟ್ರಾವೆಲರ್' ಹತ್ತೊಂಬತ್ತನೆಯ ಶತಮಾನದಿಂದ ಪ್ರಚಲಿತವಿರುವ ಪಿಟೀಲು ಧಾಟಿ ಮತ್ತು ಹಾಸ್ಯ ಸಂವಾದ. ದಾರಿ ತಪ್ಪಿದ ಪ್ರಯಾಣಿಕ ಗುಡಿಸಲಿನ ನಿವಾಸಿಯಲ್ಲಿ ಆಶ್ರಯ ಬೇಡುತ್ತಾನೆ. ಆತ ವಕ್ರ ಉತ್ತರಗಳನ್ನೇ ಕೊಡುತ್ತಾನೆ. ನಿವಾಸಿಗೆ ಧಾಟಿಯ ಮೊದಲ ಭಾಗ ಮಾತ್ರ ಗೊತ್ತು. ಉಳಿದ ಭಾಗವನ್ನು ಪ್ರಯಾಣಿಕ ನುಡಿಸಿದ ಮೇಲೆ ಆತಿಥ್ಯ ದೊರೆಯುತ್ತದೆ. ಬಂದವರು ಊರವರ ಆಟವನ್ನೇ ಆಡಿ, ಅವರಿಗೆ ತಿಳಿಯದ ಅದರ ಇನ್ನರ್ಧವನ್ನು ತೋರಿಸುವುದು ವಾಕರ್ ತಂಡದ ತಿರುಗಾಟಕ್ಕೂ ಅನ್ವಯಿಸುವ ರೂಪಕ.

ವರ್ಣದ ಗೆರೆ

ಸಂಚಾರಿ ತಂಡಗಳ ಕಥನವನ್ನು ಬಿಳಿಯರ ತಂಡಗಳಿಗೆ ಸೀಮಿತಗೊಳಿಸುವುದು ಇನ್ನೊಂದು ದೋಷ. ರೆಡ್ ಹೆಡ್ಸ್ ಹುಟ್ಟುವ ಮೊದಲೇ, 1931ರಲ್ಲಿ, ಫಿಲಡೆಲ್ಫಿಯಾದ ಕಪ್ಪು ಜನರ ಪತ್ರಿಕೆಯಾದ 'ಟ್ರಿಬ್ಯೂನ್' ತನ್ನ ಹೆಸರಿನಲ್ಲಿ ಮಹಿಳಾ ತಂಡವನ್ನು ಪೋಷಿಸಿತು. ಅದರ ತಾರೆ ಓರಾ ವಾಷಿಂಗ್ಟನ್, ಕಪ್ಪು ಆಟಗಾರರ ಟೆನಿಸ್ ಸಂಘದ ಸಿಂಗಲ್ಸ್ ಪ್ರಶಸ್ತಿಯನ್ನು ಎಂಟು ಬಾರಿ ಗೆದ್ದವರು. 1934ರಲ್ಲಿ ತಂಡವು ದಕ್ಷಿಣಕ್ಕೆ ಪ್ರಯಾಣಿಸಿ ಗ್ರೀನ್ಸ್‌ಬರೋದ ಬೆನೆಟ್ ಕಾಲೇಜಿನ ತಂಡದೊಡನೆ ಆಡಿತು. ವರ್ಣಬೇಧದ ಕಾನೂನುಗಳಿದ್ದ ಪ್ರದೇಶದಲ್ಲಿ ಪ್ರಯಾಣ, ಊಟ, ವಸತಿಗಳೇ ಒಂದು ಹೋರಾಟ. ಇಷ್ಟು ಪ್ರತಿಭಾವಂತೆಯಾದ ವಾಷಿಂಗ್ಟನ್ ಜೀವನೋಪಾಯಕ್ಕೆ ಮನೆಗೆಲಸವನ್ನು ಅವಲಂಬಿಸಿದ್ದರು. 1971ರಲ್ಲಿ ಅವರು ತೀರಿಕೊಂಡರು. ನೈಸ್ಮಿತ್ ಹೆಸರಿನ ಬ್ಯಾಸ್ಕೆಟ್‌ಬಾಲ್ ಗೌರವಭವನಕ್ಕೆ ಅವರ ಹೆಸರು ಸೇರಿದ್ದು 2018ರಲ್ಲಿ.

ಆಕರಗಳ ಪ್ರಶ್ನೆ

ರೆಡ್ ಹೆಡ್ಸ್ ಆಟಗಾರ್ತಿ ಲೊರೀನ್ ಮೂರ್ ಹನ್ನೊಂದು ವರ್ಷಗಳಲ್ಲಿ 35,426 ಅಂಕ ಗಳಿಸಿದರೆಂಬ ಸಂಖ್ಯೆ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. ಈ ಅಂಕಿಯನ್ನು ಲೀಗ್ ಆಟಗಾರರ ಅಂಕಿಗಳ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ. ಎದುರಾಳಿಯ ಮಟ್ಟ ಊರಿನಿಂದ ಊರಿಗೆ ಬದಲಾಗುತ್ತಿತ್ತು, ಲೆಕ್ಕವಿಡುವ ಸ್ವತಂತ್ರ ಸಂಸ್ಥೆಯೂ ಇರಲಿಲ್ಲ. ಹಾಗೆಂದು ಅದನ್ನು ಕಟ್ಟುಕತೆಯೆಂದು ಬದಿಗೊತ್ತುವುದೂ ತಪ್ಪು. ದಾಖಲೆ ಕೊಡುವ ಅಧಿಕಾರ ತಮಗಿಲ್ಲದಾಗ ಕಲಾವಿದರು ತಮ್ಮ ಕೀರ್ತಿಯನ್ನು ತಾವೇ ಎಣಿಸಿಡುತ್ತಾರೆ. ಕರಪತ್ರ, ಸ್ಥಳೀಯ ಪತ್ರಿಕೆಯ ಸುದ್ದಿ, ಆಟಗಾರ್ತಿಯರ ಮೌಖಿಕ ನೆನಪು ಇವುಗಳನ್ನು ಒಂದಕ್ಕೊಂದು ಎದುರಿಟ್ಟು ಪರೀಕ್ಷಿಸುವುದೇ ಸಂಶೋಧನೆಯ ಮಾರ್ಗ.

1972ರಲ್ಲಿ ಬಂದ 'ಟೈಟಲ್ ನೈನ್' ಶಾಸನವು ಶಾಲಾ ಕಾಲೇಜುಗಳ ಕ್ರೀಡೆಯಲ್ಲಿ ಮಹಿಳೆಯರಿಗೆ ಸಮಾನ ಅವಕಾಶದ ಬಾಗಿಲು ತೆರೆಯಿತು. 1978ರಲ್ಲಿ ಆರಂಭವಾದ ಮಹಿಳಾ ವೃತ್ತಿಪರ ಲೀಗ್ ಮೂರು ಋತುಗಳಲ್ಲಿ, 1981ಕ್ಕೆ, ಮುಚ್ಚಿಹೋಯಿತು. ರೆಡ್ ಹೆಡ್ಸ್‌ನಲ್ಲಿ ಆಡಿದ್ದ ಕ್ಯಾರೆನ್ ಲೋಗನ್ ಆ ಲೀಗಿನಲ್ಲಿಯೂ ಆಡಿದ್ದರು. ಹಳೆಯ ತಿರುಗಾಟಕ್ಕೂ ಹೊಸ ಲೀಗಿಗೂ ನಡುವಿನ ಕೊಂಡಿ ಹೀಗೆ ವ್ಯಕ್ತಿಗಳ ಮೂಲಕವೇ ಸಿಗುತ್ತದೆ. ರೆಡ್ ಹೆಡ್ಸ್ 1986ರಲ್ಲಿ ತಿರುಗಾಟ ನಿಲ್ಲಿಸಿದಾಗ ಅದಕ್ಕೆ ಐವತ್ತು ವರ್ಷ. 2012ರಲ್ಲಿ ಅದು ಗೌರವಭವನ ಸೇರಿತು.

ಒಟ್ಟಿನಲ್ಲಿ, ಪ್ರತಿಷ್ಠಿತ ಸಂಸ್ಥೆಗಳು ಹೆಣ್ಣನ್ನು ಗೆರೆಯೊಳಗೆ ನಿಲ್ಲಿಸಿದ್ದ ಕಾಲದಲ್ಲಿ ಇಡೀ ಅಂಕಣದಲ್ಲಿ ಓಡುವ ಹೆಣ್ಣನ್ನು ಊರೂರಿಗೆ ತೋರಿಸಿದ್ದು 'ಅಗ್ಗದ ಮನರಂಜನೆ' ಎನಿಸಿಕೊಂಡ ಈ ತಂಡಗಳು. 1971ರಲ್ಲಿ ಕಾಲೇಜುಗಳು ಒಪ್ಪಿದ್ದನ್ನು ಇವು 1936ರಿಂದಲೇ ಆಡಿ ತೋರಿಸಿದ್ದವು. ಅದಕ್ಕಾಗಿ ತೆತ್ತ ಬೆಲೆಯೂ ಸಣ್ಣದಲ್ಲ: ಬಣ್ಣದ ಕೂದಲು, ಅನ್ಯರ ಒಡೆತನ, ಗೆದ್ದ ಮೇಲೂ ತಮಾಷೆಯೆಂಬ ಹೆಸರು. ಸಾಧನೆ ಮತ್ತು ಬೆಲೆ ಎರಡನ್ನೂ ಒಟ್ಟಿಗೆ ಹಿಡಿದಿಡಬಲ್ಲ ಚರಿತ್ರೆ ಮಾತ್ರ ಈ ಆಟಗಾರ್ತಿಯರಿಗೆ ನ್ಯಾಯ ಒದಗಿಸಬಲ್ಲದು.